ಒಂಬತ್ತು ಮಿಲಿಮೀಟರಿನ ಹಳಿ



ಇವತ್ತಿನ ಮಾತು ಶುರುವಾಗುವುದು ನಮ್ಮ ಮನೆಯ ಕೆಲ್ಲರಿನಲ್ಲಿ. ನೆಲಮಾಳಿಗೆ ಅಂದರೆ ನೀವು ಒಂದು ಕ್ಷಣ ಯೋಚಿಸುತ್ತೀರಿ, ಕೆಲ್ಲರ್ ಅಂದರೆ ಕೂಡಲೇ ಗೊತ್ತಾಗುತ್ತದೆ. ನಮ್ಮದು ಚಿಕ್ಕದು. ಒಂದು ಕಡೆ ಚಳಿಗಾಲದ ಟೈರುಗಳು, ಇನ್ನೊಂದು ಕಡೆ ಅಕ್ಕಿ ಚೀಲ, ಹಳೆಯ ಸೂಟ್‌ಕೇಸುಗಳು. ಖಾಲಿ ಇರುವುದು ಒಂದೇ ಗೋಡೆ. ಅದರ ಉದ್ದ 2 ಮೀಟರ್ 60 ಸೆಂಟಿಮೀಟರ್.

ಹದಿನಾರು ವರ್ಷದ ನನ್ನ ಮಗಳು ಆ ಗೋಡೆಯನ್ನು ಅಳೆದು ಮೇಲೆ ಬಂದು ಕೇಳಿದಳು: "ಅಮ್ಮ, ಅಲ್ಲಿ ಅಜ್ಜನ ಸ್ಟೇಷನ್ ಕಟ್ಟಬಹುದಾ?"

ನನ್ನ ಅಪ್ಪ ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ದಾರಿಯ ಒಂದು ಪುಟ್ಟ ಸ್ಟೇಷನ್ನಿನಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದರು. ಆಗ ಅದು ಮೀಟರ್ ಗೇಜ್ ದಾರಿ. ಆಮೇಲೆ ಬ್ರಾಡ್ ಗೇಜ್ ಬಂತು. ಅಪ್ಪ ಕೂತಿದ್ದ ಹಂಚಿನ ಕಟ್ಟಡ ಈಗಿಲ್ಲ. ಉಳಿದಿರುವುದು ಒಂದೇ ಫೋಟೊ. ಅದರಲ್ಲೂ ಮುಂದೆ ನಿಂತ ನೆಂಟರೇ ಮುಕ್ಕಾಲು ಸ್ಟೇಷನ್ನನ್ನು ಮುಚ್ಚಿದ್ದಾರೆ. ಉಳಿದದ್ದೆಲ್ಲ ಎಂಬತ್ತು ದಾಟಿದ ಅಪ್ಪನ ನೆನಪಿನಲ್ಲಿದೆ.

"ಕಟ್ಟು, ಆದರೆ ಎಷ್ಟು ದೊಡ್ಡದು?" ಅಂದೆ. ಅಷ್ಟು ಕೇಳಿದ್ದೇ ತಪ್ಪಾಯಿತು ನೋಡಿ. ಆ ಒಂದು ಪ್ರಶ್ನೆಯ ಹಿಂದೆ ನೂರಮೂವತ್ತು ವರ್ಷಗಳ ಚರಿತ್ರೆ ಇದೆ ಅಂತ ನನಗೆ ಗೊತ್ತಿರಲಿಲ್ಲ. ಅದರ ಬಹುಪಾಲು ನಡೆದದ್ದು ನಾವು ವಾಸವಾಗಿರುವ ಈ ದೇಶದಲ್ಲೇ.

ಮೊದಲು "ಸ್ಕೇಲ್" ಅಂದರೇನು ಅಂತ ಹೇಳಿಬಿಡುತ್ತೇನೆ. ನಿಮ್ಮ ಮನೆಯಲ್ಲಿ ದಸರಾ ಗೊಂಬೆ ಕೂರಿಸಿದ್ದರೆ ನೆನಪಿಸಿಕೊಳ್ಳಿ. ಮೆಟ್ಟಿಲುಗಳ ಮುಂದೆ ಒಂದು ಊರು ಮಾಡುತ್ತೇವೆ. ರಾಗಿ ಪೈರಿನ ಪಾರ್ಕು, ಕನ್ನಡಿಯ ಕೆರೆ, ದೇವಸ್ಥಾನ. ಕೆರೆಯ ಬಾತುಕೋಳಿ ಪಕ್ಕದ ಬಸ್ಸಿಗಿಂತ ದೊಡ್ಡದು. ಪೇಟ ಸುತ್ತಿದ ಶೆಟ್ಟರು ದೇವಸ್ಥಾನದ ಗೋಪುರಕ್ಕಿಂತ ಎತ್ತರ. ಯಾರೂ ತಕರಾರು ಮಾಡುವುದಿಲ್ಲ, ಮಾಡಲೂಬಾರದು. ಆದರೆ ಮಾದರಿ ರೈಲು ಕಟ್ಟುವವರಿಗೆ ಇದು ನಡೆಯುವುದಿಲ್ಲ. ಎಂಜಿನ್ ನಿಜವಾದದ್ದರ 87ನೇ ಒಂದು ಪಾಲಾದರೆ ಮನೆ, ಮರ, ಮನುಷ್ಯ, ಹಸು ಎಲ್ಲವೂ 87ನೇ ಒಂದು ಪಾಲೇ ಆಗಬೇಕು. ಆ ಒಂದು ಅನುಪಾತವೇ ಸ್ಕೇಲ್. ಎರಡು ಹಳಿಗಳ ಒಳ ಅಂಚುಗಳ ನಡುವಿನ ಅಂತರ ಗೇಜ್. ಈ ಎರಡು ಪದ ಗೊತ್ತಿದ್ದರೆ ಮುಂದಿನದು ಸುಲಭ.

ಸ್ಟುಟ್‌ಗಾರ್ಟ್ ಹತ್ತಿರ ಗೊಪ್ಪಿಂಗೆನ್ ಎಂಬ ಊರಿದೆ. 1859ರಲ್ಲಿ ಅಲ್ಲಿ ಮೆರ್ಕ್ಲಿನ್ ಎಂಬ ತಗಡಿನ ಕೆಲಸಗಾರರು ಗೊಂಬೆ ಮನೆಗೆ ಬೇಕಾದ ಪುಟ್ಟ ಪಾತ್ರೆಗಳನ್ನು ಮಾಡಲು ಶುರುಮಾಡಿದರು. ಅವರ ಹೆಂಡತಿ ಕ್ಯಾರೊಲೀನೆ ಆ ಸಾಮಾನುಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. 1866ರಲ್ಲಿ ಗಂಡ ತೀರಿಕೊಂಡ ಮೇಲೆ ವ್ಯಾಪಾರವನ್ನು ಉಳಿಸಿದವರೂ ಅವರೇ. ಗೊಂಬೆ ಮನೆಯ ಅಡುಗೆಮನೆಗೆ ಈ ವರ್ಷ ಒಂದು ಒಲೆ, ಮುಂದಿನ ವರ್ಷ ಒಂದು ಕಪಾಟು ಎಂದು ಸೇರಿಸುತ್ತ ಹೋಗಬಹುದಲ್ಲ? ಅವರ ಮಕ್ಕಳು ಇದೇ ಲೆಕ್ಕವನ್ನು ರೈಲಿಗೆ ಹಾಕಿದರು. 1891ರಲ್ಲಿ ಲೈಪ್‌ಜಿಗ್ ವಸಂತ ಮೇಳದಲ್ಲಿ ಕೀಲಿ ಕೊಟ್ಟರೆ ಎಂಟರ ಆಕಾರದ ಹಳಿಯ ಮೇಲೆ ಓಡುವ ರೈಲನ್ನು ತೋರಿಸಿದರು. ಅದರ ವಿಶೇಷ ಎಂಜಿನ್ ಅಲ್ಲ, ಹಳಿಯ ಅಗಲವನ್ನು ನಿಗದಿ ಮಾಡಿ ಅದಕ್ಕೆ ನಂಬರು ಕೊಟ್ಟದ್ದು. ಇವತ್ತು ಕೊಂಡ ಹಳಿಗೆ ಮುಂದಿನ ಕ್ರಿಸ್‌ಮಸ್ಸಿನಲ್ಲಿ ಕೊಂಡ ಹಳಿ ಕೂಡಲೇಬೇಕು.

ಆ ನಂಬರುಗಳಲ್ಲಿ ಅತಿ ಚಿಕ್ಕದು 1. ಅದರ ಹಳಿ ಸುಮಾರು 45 ಮಿಲಿಮೀಟರ್ ಅಗಲ. ಅದಕ್ಕಿಂತ ಚಿಕ್ಕದು ಬೇಕಾದಾಗ 1ರ ಕೆಳಗೆ ಇರುವುದು ಸೊನ್ನೆ. ಹಾಗೆ 32 ಮಿಲಿಮೀಟರಿನ 0 ಗೇಜ್ ಬಂತು. ಇನ್ನೂ ಚಿಕ್ಕದು ಬೇಕಾದಾಗ? ಸೊನ್ನೆಯನ್ನೇ ಅರ್ಧ ಮಾಡಿದರು. ನೀವು ಇಲ್ಲಿನ ಅಂಗಡಿಗಳಲ್ಲಿ ನೋಡುವ "ಹಾ-ನುಲ್" ಅಂದರೆ ಅದೇ, ಅರ್ಧ ಸೊನ್ನೆ. ಇಂಗ್ಲಿಷಿನವರು ಅದನ್ನು ಎಚ್‌ಓ ಅನ್ನುತ್ತಾರೆ. ಹಳಿ 16.5 ಮಿಲಿಮೀಟರ್, ಅನುಪಾತ 1:87.

ಈ ಅರ್ಧ ಮಾಡುವ ಕೆಲಸದಲ್ಲಿ ನ್ಯೂರೆಂಬರ್ಗ್ ನಗರಕ್ಕೆ ದೊಡ್ಡ ಪಾಲಿದೆ. ಜರ್ಮನಿಯ ಮೊದಲ ಉಗಿ ರೈಲು 1835ರಲ್ಲಿ ನ್ಯೂರೆಂಬರ್ಗ್‌ನಿಂದ ಪಕ್ಕದ ಫ್ಯೂರ್ತ್‌ಗೆ ಓಡಿತ್ತು. ಅದೇ ನಗರ ಆಟಿಕೆಗಳ ರಾಜಧಾನಿಯೂ ಆಯಿತು. ಅಲ್ಲಿನ ಬಿಂಗ್ ಕಂಪನಿ 1922ರಲ್ಲಿ ಇಂಗ್ಲೆಂಡಿನ ಬ್ಯಾಸೆಟ್-ಲೋಕ್ ಮೂಲಕ ಒಂದು "ಮೇಜಿನ ಮೇಲಿನ ರೈಲು" ಮಾರಿತು. ಅದುವರೆಗೆ ರೈಲು ನೆಲದ ಮೇಲೆ ಓಡುತ್ತಿತ್ತು. ಅದಕ್ಕೆ ದೊಡ್ಡ ಹಾಲ್ ಬೇಕು, ನೆಲ ಒರೆಸುವ ಹೊತ್ತಿಗೆ ಎಲ್ಲವನ್ನೂ ಎತ್ತಿಡಬೇಕು. ಅದು ಸಿರಿವಂತರ ಮನೆಯ ಆಟ. ಊಟದ ಮೇಜಿನ ಮೇಲೆ ಹಿಡಿಸುವ ರೈಲು ಸಾಮಾನ್ಯರ ಮನೆಗೂ ಬರಬಹುದಿತ್ತು. 1935ರಲ್ಲಿ ನ್ಯೂರೆಂಬರ್ಗ್‌ನ ಟ್ರಿಕ್ಸ್ ಮತ್ತು ಗೊಪ್ಪಿಂಗೆನ್‌ನ ಮೆರ್ಕ್ಲಿನ್ ಎರಡೂ ಈ ಅಳತೆಯ ವಿದ್ಯುತ್ ರೈಲನ್ನು ತಂದವು.

ಇಲ್ಲೊಂದು ಕ್ಷಣ ನಿಲ್ಲಬೇಕು. ಟ್ರಿಕ್ಸ್ ಹಿಂದೆ ಇದ್ದವರು ಬಿಂಗ್ ಕುಟುಂಬದ ಸ್ಟೆಫಾನ್ ಬಿಂಗ್. ಅವರು ಯಹೂದಿ. ನಾಝಿ ಆಡಳಿತದಲ್ಲಿ ಕಂಪನಿಯನ್ನು ಬಿಟ್ಟುಕೊಟ್ಟು 1938ರಲ್ಲಿ ಇಂಗ್ಲೆಂಡಿಗೆ ಹೋಗಬೇಕಾಯಿತು. ಮಕ್ಕಳ ಆಟಿಕೆಯ ಚರಿತ್ರೆ ಅಂತ ಓದಲು ಕೂತರೂ ಈ ದೇಶದ ಆ ಪುಟವನ್ನು ದಾಟದೆ ಮುಂದೆ ಹೋಗಲು ಆಗುವುದಿಲ್ಲ.

ಯುದ್ಧ ಮುಗಿಯಿತು. ನಗರಗಳು ಬಾಂಬಿಗೆ ಬಿದ್ದಿದ್ದವು. ಹೊಸದಾಗಿ ಎದ್ದ ಫ್ಲಾಟುಗಳು ಚಿಕ್ಕವು, ಅವುಗಳಲ್ಲಿ ತುಂಬಿದ ಜನ ಹೆಚ್ಚು. ಅರ್ಧ ಸೊನ್ನೆಯ ರೈಲಿಗೂ ಜಾಗ ಸಾಲಲಿಲ್ಲ. ಅಮೆರಿಕದಲ್ಲಿ 1945ರಲ್ಲಿ ಹ್ಯಾಲ್ ಜಾಯ್ಸ್ ಎಂಬುವವರು 12 ಮಿಲಿಮೀಟರ್ ಹಳಿಯ, 1:120 ಅಳತೆಯ ಟಿಟಿ ತಂದಿದ್ದರು. ಟಿಟಿ ಅಂದರೆ ಟೇಬಲ್ ಟಾಪ್. ತನ್ನ ದೇಶದಲ್ಲಿ ಅದು ಹೆಚ್ಚು ಬೆಳೆಯಲಿಲ್ಲ. ಆದರೆ ಪೂರ್ವ ಜರ್ಮನಿಯ ಪುಟ್ಟ ಮನೆಗಳಲ್ಲಿ ಗಟ್ಟಿಯಾಗಿ ಬೇರು ಬಿಟ್ಟಿತು. ಪೂರ್ವ ಬರ್ಲಿನ್ನಿನಲ್ಲಿ ತಯಾರಾದ ಟಿಟಿ ರೈಲಿನ ಜೊತೆ ಬೆಳೆದವರು ಇವತ್ತಿಗೂ ಅದನ್ನು ಬಿಟ್ಟಿಲ್ಲ.

ಇನ್ನು ನಮ್ಮ ಕಥಾನಾಯಕ. ಮತ್ತೆ ನ್ಯೂರೆಂಬರ್ಗ್. ಅಲ್ಲಿ 1906ರಿಂದ ತಗಡಿನ ಆಟಿಕೆ ಮಾಡುತ್ತಿದ್ದ ಆರ್ನೋಲ್ಡ್ ಎಂಬ ಕಂಪನಿ 1960ರಲ್ಲಿ "ರಾಪಿಡೊ" ಎಂಬ ರೈಲನ್ನು ತಂದಿತು. ಹಳಿಯ ಅಗಲ ಬರೀ 9 ಮಿಲಿಮೀಟರ್. ನಿಮ್ಮ ಕಿರುಬೆರಳಿನ ಉಗುರು ನೋಡಿಕೊಳ್ಳಿ, ಹೆಚ್ಚುಕಡಿಮೆ ಅಷ್ಟೇ. ಮೊದಲಿಗೆ ಅದು ಆಟಿಕೆಯಂತೆಯೇ ಇತ್ತು. ಎರಡು ಮೂರು ವರ್ಷಗಳಲ್ಲಿ 1:160 ಎಂಬ ಅನುಪಾತಕ್ಕೆ ಬಂದು ನಿಂತಿತು. ಅದು ಎಲ್ಲಿಂದ ಬಂತು ಅಂತ ನೀವೇ ಲೆಕ್ಕ ಹಾಕಿ: ಯುರೋಪಿನ ನಿಜವಾದ ಹಳಿಯ ಅಗಲ 1435 ಮಿಲಿಮೀಟರ್. 160ರಿಂದ ಭಾಗಿಸಿದರೆ ಸುಮಾರು 9.

ಬೋಗಿಗಳನ್ನು ಜೋಡಿಸುವ ಆರ್ನೋಲ್ಡ್‌ನ ಪುಟ್ಟ ಕೊಕ್ಕೆಯನ್ನೇ ಬೇರೆ ಕಂಪನಿಗಳೂ ಹಾಕತೊಡಗಿದವು. ನನಗೆ ಇದೇ ಈ ಚರಿತ್ರೆಯ ಮುಖ್ಯ ಘಟ್ಟ ಅನ್ನಿಸುತ್ತದೆ. ಪ್ರತಿಯೊಬ್ಬರೂ ತಮ್ಮದೇ ಕೊಕ್ಕೆ ಹಿಡಿದು ಕೂತಿದ್ದರೆ ಇಷ್ಟು ಚಿಕ್ಕ ರೈಲು ಹತ್ತು ವರ್ಷ ಬಾಳುತ್ತಿರಲಿಲ್ಲ. ಒಬ್ಬರ ಎಂಜಿನ್ ಇನ್ನೊಬ್ಬರ ಬೋಗಿಯನ್ನು ಎಳೆಯಿತು, ಅದಕ್ಕೇ ಬದುಕಿತು.

ಹೆಸರು ಮಾತ್ರ ಎಲ್ಲರಿಗೂ ಒಪ್ಪಿಗೆಯಾಗುವಂಥದು ಬೇಕಿತ್ತು. ಒಂಬತ್ತಕ್ಕೆ ಜರ್ಮನಿನಲ್ಲಿ ನೊಯ್ನ್, ಇಂಗ್ಲಿಷಿನಲ್ಲಿ ನೈನ್, ಫ್ರೆಂಚಿನಲ್ಲಿ ನೆಫ್, ಇಟಾಲಿಯನ್ನಿನಲ್ಲಿ ನೋವೆ. ಎಲ್ಲದರ ಮೊದಲ ಅಕ್ಷರ ಎನ್. ಹಾಗಾಗಿ "ಎನ್ ಗೇಜ್". "ಕನ್ನಡದಲ್ಲಿ ಒಂಬತ್ತು, ನಾವು ಹೊರಗುಳಿದೆವು" ಅಂದಳು ಮಗಳು. ನವರಾತ್ರಿಯ, ನವಗ್ರಹದ "ನವ" ಇದೆಯಲ್ಲ, ನಾವೂ ಒಳಗೇ ಇದ್ದೇವೆ ಅಂದೆ. ಎಂಎ ಓದಿದ್ದು ಅಷ್ಟಕ್ಕಾದರೂ ಉಪಯೋಗಕ್ಕೆ ಬಂತು.

ಎಲ್ಲ ದೇಶಗಳೂ 9 ಮಿಲಿಮೀಟರಿಗೆ ಒಪ್ಪಿದರೂ ಅದರ ಮೇಲೆ ಕೂರಿಸಿದ ರೈಲು ಒಂದೇ ಅಳತೆಯದಲ್ಲ. ಬ್ರಿಟನ್ನಿನ ನಿಜವಾದ ಎಂಜಿನ್ನುಗಳು ಯುರೋಪಿನವಕ್ಕಿಂತ ಮೈ ಸಣ್ಣ. 1:160ಕ್ಕೆ ಇಳಿಸಿದರೆ ಅವುಗಳ ಹೊಟ್ಟೆಯೊಳಗೆ ಅಂದಿನ ಮೋಟಾರು ಹಿಡಿಸುತ್ತಿರಲಿಲ್ಲ. ಅದಕ್ಕೆ ಅಲ್ಲಿ 1:148 ಮಾಡಿಕೊಂಡರು. ಜಪಾನಿನ ಹೆಚ್ಚಿನ ರೈಲುಗಳು ಓಡುವುದು 1067 ಮಿಲಿಮೀಟರಿನ ಹಳಿಯ ಮೇಲೆ. ಅಲ್ಲಿ 1:150. ಆದರೆ ಅಗಲ ಹಳಿಯ ಶಿಂಕನ್‌ಸೆನ್‌ಗೆ 1:160. ಶುದ್ಧ ಗಣಿತ ಬೇಕೆನ್ನುವವರಿಗೆ ಇದು ತಲೆನೋವು. ಆದರೆ ಹಳಿ ಒಂದೇ ಇರಲಿ, ಮೇಲಿನದನ್ನು ನಮಗೆ ಬೇಕಾದಂತೆ ಹೊಂದಿಸಿಕೊಳ್ಳುತ್ತೇವೆ ಎಂಬ ಈ ರಾಜಿಯಿಂದಲೇ ಎನ್ ಲೋಕವೆಲ್ಲ ಸುತ್ತಿತು.

ಜಪಾನಿನಲ್ಲಿ ಅದು ಮನೆಮಗನೇ ಆಯಿತು. ಈಗ ಕಾಟೊ ಎಂದು ಹೆಸರಾದ ಕಂಪನಿ 1965ರಲ್ಲಿ ಆ ದೇಶದ ಮೊದಲ ಎನ್ ಎಂಜಿನ್ನನ್ನು, ಸಿ-50 ಎಂಬ ಉಗಿಬಂಡಿಯನ್ನು, ತಂದಿತು. ಇವತ್ತು ಅಲ್ಲಿ ಮಾದರಿ ರೈಲು ಅಂದರೆ ಬಹುಮಟ್ಟಿಗೆ ಎನ್ ಎಂದೇ ಅರ್ಥ. ಮನೆಯಲ್ಲಿ ಅದಕ್ಕೂ ಜಾಗವಿಲ್ಲದವರು ಬ್ಯಾಗಿನಲ್ಲಿ ರೈಲು ಹಾಕಿಕೊಂಡು ಅಂಗಡಿಗೆ ಹೋಗುತ್ತಾರೆ. ಅಲ್ಲಿನ ದೊಡ್ಡ ಹಳಿಜಾಲದ ಮೇಲೆ ಗಂಟೆಯ ಬಾಡಿಗೆಗೆ ತಮ್ಮ ರೈಲನ್ನು ಓಡಿಸಿಕೊಂಡು ಬರುತ್ತಾರೆ.

ಇಲ್ಲಿಯವರೆಗೆ ಕೇಳಿದರೆ ಉತ್ತರ ಸುಲಭ ಅನ್ನಿಸಬಹುದು: ಮನೆ ಚಿಕ್ಕದು, ಅದಕ್ಕೆ ರೈಲೂ ಚಿಕ್ಕದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಅಮೆರಿಕದಲ್ಲಿ ದೊಡ್ಡ ದೊಡ್ಡ ಬೇಸ್‌ಮೆಂಟ್ ಇದ್ದವರೂ ಎನ್ ಆರಿಸುತ್ತಾರಲ್ಲ, ಯಾಕೆ?

ಇದಕ್ಕೆ ಉತ್ತರ ಕೊಟ್ಟವರು ನಮ್ಮ ಕೆಳಗಿನ ಮನೆಯ ಹಿರಿಯರು. ನಲವತ್ತು ವರ್ಷ ಎನ್ ಕಟ್ಟಿದವರು. ಅವರು ಮಗಳನ್ನು ಕೇಳಿದರು: "ನಿನಗೆ ಬೇಕಾಗಿರುವುದು ರೈಲೋ, ರೈಲು ಹೋಗುವ ಊರೋ?"

ಲೆಕ್ಕ ಹೀಗಿದೆ. ಒಂದೇ ಮೇಜಿನ ಮೇಲೆ ಎಚ್‌ಓನಲ್ಲಿ ತೋರಿಸಬಹುದಾದ ನೆಲಕ್ಕಿಂತ ಮೂರು ಪಟ್ಟಿಗೂ ಹೆಚ್ಚು ನೆಲವನ್ನು ಎನ್‌ನಲ್ಲಿ ತೋರಿಸಬಹುದು. 200 ಮೀಟರ್ ಉದ್ದದ ನಿಜವಾದ ರೈಲು ಎಚ್‌ಓನಲ್ಲಿ 2 ಮೀಟರ್ 30 ಸೆಂಟಿಮೀಟರ್ ಆಗುತ್ತದೆ. ನಮ್ಮ ಗೋಡೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ರೈಲೇ ಮಲಗಿಬಿಡುತ್ತದೆ, ಅದು ಹೋಗುವುದಾದರೂ ಎಲ್ಲಿಗೆ? ಎನ್‌ನಲ್ಲಿ ಅದೇ ರೈಲು 1 ಮೀಟರ್ 25 ಸೆಂಟಿಮೀಟರ್. ಉಳಿದ ಜಾಗದಲ್ಲಿ ಬಯಲು ಬರುತ್ತದೆ, ಹೊಳೆ ಬರುತ್ತದೆ, ರೈಲು ದೂರದಲ್ಲಿ ಕಾಣಿಸಿಕೊಂಡು ಹತ್ತಿರ ಬರುವುದಕ್ಕೆ ಒಂದು ದೂರ ಸಿಗುತ್ತದೆ. ದೊಡ್ಡ ಸ್ಕೇಲಿನಲ್ಲಿ ನೀವು ಎಂಜಿನ್ನಿನ ಪಕ್ಕ ನಿಂತಿರುತ್ತೀರಿ. ಚಿಕ್ಕ ಸ್ಕೇಲಿನಲ್ಲಿ ಗುಡ್ಡದ ಮೇಲೆ ನಿಂತು ಕಣಿವೆಯಲ್ಲಿ ಹೋಗುವ ರೈಲನ್ನು ನೋಡುತ್ತೀರಿ. ರೈಲು ಕಿರಿದಾದಷ್ಟೂ ಅದರ ಊರು ಹಿರಿದಾಗುತ್ತದೆ.

ಹಾಗಂತ ಎನ್‌ನಲ್ಲಿ ಎಲ್ಲವೂ ಸರಿ ಅಂತಲ್ಲ. ಚಿಕ್ಕದು ಅಗ್ಗ ಅಂದುಕೊಂಡು ಅಂಗಡಿಗೆ ಹೋದರೆ ಬೆಲೆ ನೋಡಿ ಬೇಸರವಾಗುತ್ತದೆ. ಎಂಜಿನ್ ಹಗುರ, ಹಳಿಯ ಮೇಲೆ ಸ್ವಲ್ಪ ಧೂಳು ಕೂತರೂ ಕರೆಂಟು ಸಿಗದೆ ನಿಲ್ಲುತ್ತದೆ. ಮನುಷ್ಯ ಒಂದು ಹುಣಸೆ ಬೀಜದಷ್ಟೆತ್ತರ, ಅವನ ಮುಖಕ್ಕೆ ಬಣ್ಣ ಹಚ್ಚಲು ಸ್ಥಿರವಾದ ಕೈ ಬೇಕು, ಚುರುಕಾದ ಕಣ್ಣು ಬೇಕು. ಕೆಳಗಿನ ಮನೆಯ ಹಿರಿಯರು ತಮ್ಮ ಹಳಿಗಳನ್ನು ಮಗಳಿಗೆ ಕೊಟ್ಟದ್ದು ಅದಕ್ಕೇ. ಕಣ್ಣು ಮಂಜಾದ ಮೇಲೆ ಅವರು ಬೋಗಿಯ ಚಕ್ರವನ್ನು ಹಳಿಗೆ ಕೂರಿಸಲು ಬೆರಳಿನಿಂದ ತಡಕುತ್ತಿದ್ದರು. ಪೆಟ್ಟಿಗೆ ಕೊಡುವಾಗ ಏನೂ ಹೇಳಲಿಲ್ಲ, ಮುಚ್ಚಳವನ್ನು ಎರಡು ಸಲ ಒರೆಸಿದರು.

ಇನ್ನೂ ಚಿಕ್ಕದಾಗಬಾರದೇ? ಆಗಿದೆ. 1972ರಲ್ಲಿ ಮೆರ್ಕ್ಲಿನ್ 6.5 ಮಿಲಿಮೀಟರ್ ಹಳಿಯ, 1:220ರ ರೈಲು ತಂದಿತು. ಇದಕ್ಕಿಂತ ಚಿಕ್ಕದು ಬರಲಾರದು ಎಂಬ ಭರವಸೆಯಿಂದ ಅಕ್ಷರಮಾಲೆಯ ಕೊನೆಯ ಅಕ್ಷರ ಕೊಟ್ಟು ಝಡ್ ಎಂದು ಕರೆದರು. ಕೊನೆಯ ಮಾತು ಯಾರೂ ಆಡಬಾರದು ನೋಡಿ, ಸುಮಾರು ಮೂವತ್ತೈದು ವರ್ಷಗಳ ಮೇಲೆ ಜಪಾನಿನವರು 3 ಮಿಲಿಮೀಟರಿನ ಹಳಿ ತಂದರು. ಆದರೆ ಇವುಗಳ ಬಳಗ ಚಿಕ್ಕದು. ಕಣ್ಣಿಗೂ ಕೈಗೂ ನಿಲುಕುವ, ಆದರೂ ಊರನ್ನು ತೋರಿಸುವ ಜಾಗ ಎನ್ ಎಂದು ಬಹಳ ಜನ ಅಲ್ಲೇ ನಿಂತಿದ್ದಾರೆ.

ಇನ್ನೊಂದು ಕಾರಣವೂ ಇದೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕೆಲವರು ಎನ್‌ಟ್ರಾಕ್ ಎಂಬ ಕ್ರಮ ಶುರುಮಾಡಿದರು. ಒಬ್ಬೊಬ್ಬರೂ 4 ಅಡಿ ಉದ್ದ 2 ಅಡಿ ಅಗಲದ ಒಂದು ಹಲಗೆಯ ಮೇಲೆ ತಮಗಿಷ್ಟ ಬಂದ ಊರು ಕಟ್ಟಬಹುದು. ಒಬ್ಬರದು ಮರುಭೂಮಿ, ಒಬ್ಬರದು ಬಂದರು. ನಿಯಮ ಇರುವುದು ಅಂಚಿಗೆ ಮಾತ್ರ: ಮೂರು ಹಳಿಗಳು ಹಲಗೆಯ ತುದಿಯಲ್ಲಿ ಗೊತ್ತಾದ ಜಾಗದಲ್ಲೇ ಬಂದು ಮುಟ್ಟಬೇಕು. ರಜೆಯ ದಿನ ಕಾರಿನಲ್ಲಿ ಹಲಗೆ ಹೇರಿಕೊಂಡು ಬಂದು ಒಂದು ಹಾಲ್‌ನಲ್ಲಿ ಜೋಡಿಸಿದರೆ, ಒಬ್ಬರ ಮನೆಯಲ್ಲಿ ಎಂದೂ ಆಗದಷ್ಟು ಉದ್ದದ ರೈಲು ಎಲ್ಲರ ಊರುಗಳ ಮೂಲಕ ಓಡುತ್ತದೆ. ಹಲಗೆ ಕಾರಿನಲ್ಲಿ ಹಿಡಿಸಬೇಕು, ಅದರ ಮೇಲೆ ಒಂದು ಊರೂ ಹಿಡಿಸಬೇಕು, ಎರಡಕ್ಕೂ ಎನ್ ಸರಿಹೋಯಿತು. ತಿಂಗಳಿಗೊಮ್ಮೆ ಬಾಡಿಗೆ ಹಾಲ್‌ನಲ್ಲಿ ಮಂಗಳೂರಿನವರು, ಧಾರವಾಡದವರು, ಮೈಸೂರಿನವರು ಒಬ್ಬೊಬ್ಬರು ಒಂದೊಂದು ಡಬ್ಬಿ ತಂದು ಸೇರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಮ್ಮ ಕೆಲ್ಲರಿಗೆ ಮರಳೋಣ. ಶನಿವಾರ ವಿಡಿಯೋ ಕಾಲ್‌ನಲ್ಲಿ ಮಗಳು ಅಜ್ಜನನ್ನು ಕೇಳಿದಳು: "ಅಜ್ಜ, ನಿಮ್ಮ ಸ್ಟೇಷನ್ನಲ್ಲಿ ಏನೇನಿತ್ತು?" ಅಪ್ಪ ಎಂಜಿನ್ನಿನ ಮಾತೇ ಆಡಲಿಲ್ಲ. ಪ್ಲಾಟ್‌ಫಾರ್ಮಿನ ಹಲಸಿನ ಮರ, ಗೇಟು, ಗೇಟಿನ ಆಚೆ ಅಡಿಕೆ ತೋಟ, ತೋಟದ ತುದಿಯಲ್ಲಿ ನಮ್ಮ ಕ್ವಾರ್ಟರ್ಸು. ರಾತ್ರಿ ಡ್ಯೂಟಿಯಲ್ಲಿದ್ದಾಗ ಅಮ್ಮ ಕ್ವಾರ್ಟರ್ಸಿನ ಬಾಗಿಲಲ್ಲಿ ಲಾಟೀನು ಇಟ್ಟರೆ ಸ್ಟೇಷನ್ನಿಗೆ ಕಾಣುತ್ತಿತ್ತಂತೆ. ಇದು ನನಗೂ ಗೊತ್ತಿರಲಿಲ್ಲ. "ಎಷ್ಟು ದೂರ ಅಜ್ಜ?" "ನಾಲ್ಕು ನೂರು ಮೀಟರು."

ಮಗಳು ಲೆಕ್ಕ ಹಾಕಿದಳು. ಎಚ್‌ಓನಲ್ಲಿ 4 ಮೀಟರ್ 60 ಸೆಂಟಿಮೀಟರ್, ಗೋಡೆ ಒಡೆದು ಪಕ್ಕದವರ ಕೆಲ್ಲರಿಗೆ ಹೋಗಬೇಕು. ಎನ್‌ನಲ್ಲಿ 2 ಮೀಟರ್ 50 ಸೆಂಟಿಮೀಟರ್. ನಮ್ಮ ಗೋಡೆ 2 ಮೀಟರ್ 60. ಸ್ಟೇಷನ್ನೂ ಲಾಟೀನೂ ಒಂದೇ ಗೋಡೆಯಲ್ಲಿ ಹಿಡಿಸುತ್ತವೆ. ತೀರ್ಮಾನ ಅಲ್ಲಿಗೆ ಮುಗಿಯಿತು.

ಹಿರಿಯರು ಕೊಟ್ಟ ಹಳಿಯನ್ನು ಹಲಗೆಯ ಮೇಲೆ ಜೋಡಿಸಿ, ರಟ್ಟಿನಲ್ಲಿ ಮಾಡಿದ ಸ್ಟೇಷನ್ ಪಕ್ಕಕ್ಕಿಟ್ಟು, ಮುಂದಿನ ಶನಿವಾರ ಅಜ್ಜನಿಗೆ ತೋರಿಸಿದಳು. ಅಪ್ಪ ಕನ್ನಡಕ ಸರಿಮಾಡಿಕೊಂಡು ತುಂಬ ಹೊತ್ತು ನೋಡಿದರು. ಆಮೇಲೆ ಹೇಳಿದರು: "ಚೆನ್ನಾಗಿದೆ ಪುಟ್ಟಿ. ಆದರೆ ಹಳಿ ಅಗಲ ಆಯಿತಲ್ಲ. ನಮ್ಮದು ಮೀಟರ್ ಗೇಜು."

ಸಾವಿರಾರು ಮೈಲಿ ದೂರದಿಂದ, ಫೋನಿನ ಪರದೆಯಲ್ಲಿ, ಮಂಜಾದ ಕಣ್ಣಿಗೆ ಅದು ಕಂಡಿತ್ತು! ನಾವು ಅಳೆದು ನೋಡಿದೆವು. 9 ಮಿಲಿಮೀಟರ್ ಇಂಟು 160 ಅಂದರೆ 1440. ಅದು ಯುರೋಪಿನ ಹಳಿ. ಮೀಟರ್ ಗೇಜನ್ನು 160ರಿಂದ ಭಾಗಿಸಿದರೆ 6.25. ಅಷ್ಟು ಕಿರಿದಾದ ಹಳಿ ಎಲ್ಲಿ ಸಿಗಬೇಕು ಅಂತ ಕೂತಿದ್ದಾಗ ಮಗಳಿಗೆ ಹೊಳೆಯಿತು: ಝಡ್‌ನ ಹಳಿ 6.5 ಮಿಲಿಮೀಟರ್! ಮನೆ ಮರ ಮನುಷ್ಯರು ಎನ್, ಹಳಿ ಮಾತ್ರ ಝಡ್. ನಾವು ಏನೋ ಹೊಸದು ಕಂಡುಹಿಡಿದೆವು ಅಂತ ಬೀಗಿದೆವು. ಯುರೋಪಿನಲ್ಲಿ ಮೀಟರ್ ಗೇಜ್ ಬೆಟ್ಟದ ರೈಲುಗಳನ್ನು ಕಟ್ಟುವವರು ಇದನ್ನೇ ಮಾಡುತ್ತಾರೆ, ಅದಕ್ಕೆ "ಎನ್‌ಎಂ" ಎಂಬ ಹೆಸರೂ ಇದೆ ಅಂತ ಕೆಳಗಿನ ಮನೆಯವರು ನಕ್ಕರು. ಅವರ 9 ಮಿಲಿಮೀಟರಿನ ಹಳಿ ಈಗ ಹಲಗೆಯ ಹಿಂದುಗಡೆ, ಅವರದೇ ಎಂಜಿನ್ ಓಡಿಸಲು ಇದೆ. ಭಾನುವಾರ ಅವರು ಬಂದು ಸದ್ದು ಕೇಳಿಕೊಂಡು ಕೂರುತ್ತಾರೆ.

ನಮ್ಮ ಸ್ಟೇಷನ್ನಿಗೆ ಇನ್ನೂ ರೈಲು ಬಂದಿಲ್ಲ. ಝಡ್ ಎಂಜಿನ್ನಿನ ಚಕ್ರಗಳ ಮೇಲೆ ಒಂದು ರಟ್ಟಿನ ಮೈ ಕೂರಿಸುವ ಕೆಲಸ ನಡೆದಿದೆ. ಅದಕ್ಕೆ ಮೊದಲು ಅಜ್ಜ ಮೊಮ್ಮಗಳು ಪ್ರತಿ ಶನಿವಾರ ಒಂದೊಂದು ವಸ್ತುವನ್ನು ಅದರ ಜಾಗದಲ್ಲಿ ಇಡುತ್ತಿದ್ದಾರೆ. ಹೋದ ವಾರ ಕೈಮರದ ಸರದಿ. ಸಿಗ್ನಲ್ಲಿಗೆ ಕೈಮರ ಅನ್ನುತ್ತಾರೆ ಅಂತ ಅವಳಿಗೆ ಗೊತ್ತಿರಲಿಲ್ಲ, ನಾನು ಮರೆತೇಬಿಟ್ಟಿದ್ದೆ. "ಅಲ್ಲಲ್ಲ ಪುಟ್ಟಿ, ಹೊಳೆಯ ಕಡೆಗೆ, ಇನ್ನೂ ಸ್ವಲ್ಪ ಆಚೆ" ಅಂತ ಅಪ್ಪ ಹೇಳುತ್ತಿದ್ದರೆ ಇವಳು ಬೆರಳ ತುದಿಯಲ್ಲಿ ಒಂದು ಕಡ್ಡಿ ಹಿಡಿದು ಜರುಗಿಸುತ್ತಿದ್ದಳು.

ನಿಮ್ಮ ಅಜ್ಜ ಅಜ್ಜಿಯರಿಗೂ ಒಂದು ಫೋನ್ ಮಾಡಿ. ನಿಮ್ಮ ಮನೆಯಿಂದ ಬಾವಿ ಎಷ್ಟು ದೂರವಿತ್ತು, ಬಾಗಿಲಲ್ಲಿ ನಿಂತರೆ ಏನು ಕಾಣುತ್ತಿತ್ತು ಅಂತ ಕೇಳಿ. ಪಕ್ಕದಲ್ಲಿ ಕಾಗದ, ಪೆನ್ಸಿಲ್ ಇರಲಿ. ಬಂದ ಉತ್ತರವನ್ನು 160ರಿಂದ ಭಾಗಿಸಿ. ನಿಮ್ಮ ಕೋಣೆಯಲ್ಲೂ ಹಿಡಿಸುತ್ತದೆ.